ನಾನಿನ್ನೂ ಹೊರಟಿಲ್ಲ

"ಅಷ್ಟು ಖುಷಿಯಾಗಿ ಹಾಡೋ ಹಾಡಲ್ಲ ಅದು!"

ತಲೆಯ ಮೇಲಿನಿಂದ ಬಂದ ಗಂಡಸಿನ ದನಿಗೆ ಅವಳು ಬೆಚ್ಚಿಬಿದ್ದಳು.

ಲಿಫ್ಟ್ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತ್ತು. ಒಳಗೆ ಅವಳೊಬ್ಬಳೇ. ಕೈಯಲ್ಲಿ, ಮೇಲಿನ ಮಹಡಿಯ ವಕೀಲರಿಗೆ ತಲುಪಿಸಬೇಕಿದ್ದ ಹೊಸ ಕನ್ನಡಕದ ಡಬ್ಬಿ. ಹೆದರಿಕೆ ಓಡಿಸಲು ತನಗೆ ಪ್ರಾಣವಾದ ಹಾಡನ್ನು ಗಂಟಲು ಕಿತ್ತುಕೊಂಡು ಹಾಡುತ್ತಿದ್ದಳು.

'ಶೂ ಹಾಕಿದ್ದೇನೆ, ಲೇಸ್ ಕಟ್ಟಿಲ್ಲ... ದೀಪ ಆರಿಸಬೇಡ, ನಾನಿನ್ನೂ ಹೊರಟಿಲ್ಲ!'

"ಯಾರ್ರೀ ಅದು?"

"ಲಿಫ್ಟ್ ರಿಪೇರಿಯವನು."

"ಹಾಗಾದ್ರೆ ಲಿಫ್ಟ್ ರಿಪೇರಿ ಮಾಡಿ! ಹಾಡು ರಿಪೇರಿ ಮಾಡೋಕೆ ನಿಮ್ಮನ್ನ ಯಾರು ಕರೆದ್ರು?"

ಮೇಲೆ ಸ್ಪಾನರ್ ಸದ್ದು ನಿಂತಿತು. ಕಿಸಕ್ಕನೆ ನಗು ಕೇಳಿಸಿತು. ಸಿಕ್ಕಿಹಾಕಿಕೊಂಡವರ ಮುಂದೆ ನಗುವವನನ್ನು ಏನು ಮಾಡಬೇಕು, ನೀವೇ ಹೇಳಿ!

"ಕೋಪ ಮಾಡ್ಕೋಬೇಡಿ. ನಂಗೂ ಆ ಹಾಡಂದ್ರೆ ಇಷ್ಟ. ಆದ್ರೆ ಅದ್ರಲ್ಲಿರೋನು ಹೇಡಿ."

"ಏನಂದ್ರಿ?!"

"ಹೋಗ್ಬಾರ್ದು ಅನ್ಸಿದ್ರೆ ಶೂ ಬಿಚ್ಚಬೇಕಪ್ಪಾ. ಬಾಗಿಲಲ್ಲಿ ನಿಂತ್ಕೊಂಡು ದೀಪ ಆರಿಸ್ಬೇಡ ಅಂತ ಕಿರಚೋದಾ?"

"ಒಳಗಿರೋರು 'ಹೋಗ್ಬೇಡ' ಅಂತ ಒಂದೇ ಒಂದು ಮಾತು ಹೇಳ್ಲಿ ಅಂತ ಕಾಯ್ತಿದ್ದಾನೆ ಅವನು! ಅಷ್ಟೂ ಅರ್ಥ ಆಗಲ್ವಾ ನಿಮ್ಗೆ?"

ಲಿಫ್ಟ್ ಒಮ್ಮೆ ಜಗ್ಗಿತು. ಬಾಗಿಲು ಅರ್ಧ ತೆರೆಯಿತು. ಅವಳ ಎದೆಮಟ್ಟದಲ್ಲಿ ಮೇಲಿನ ಮಹಡಿಯ ನೆಲ. ಅಲ್ಲಿ ಮಂಡಿಯೂರಿ ಕುಳಿತಿದ್ದ ಅವನು ಗ್ರೀಸ್ ಮೆತ್ತಿದ ಕೈ ಚಾಚಿದ. ಅವಳು ಮೊದಲು ಡಬ್ಬಿ ಕೊಟ್ಟಳು.

"ಹುಷಾರು! ಇದು ಒಡೆದ್ರೆ ನಿಮ್ಮ ಲಿಫ್ಟನ್ನೇ ಒಡೆದು ಹಾಕ್ತೀನಿ."

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಪಕ್ಕದಲ್ಲಿಟ್ಟ. ಆಮೇಲೆ ಅವಳನ್ನು ಮೇಲಕ್ಕೆಳೆದುಕೊಂಡ. ಇನ್ನೇನು ಅವಳು ಮುಖ ತಿರುಗಿಸಿ ಹೋಗಬೇಕು, ಹಿಂದಿನಿಂದ ಪ್ರಶ್ನೆ ಬಂತು.

"ಕೊನೇಲಿ ಬರೋ ಶಬ್ದ ಏನು ಅಂತೀರಿ?"

ಅವಳ ಕಾಲು ನಿಂತೇಬಿಟ್ಟವು.

ಆ ಹಾಡಿನ ಕೊನೆಯಲ್ಲಿ ಗಿಟಾರ್, ಡ್ರಮ್ಸ್ ಎಲ್ಲಾ ನಿಂತ ಮೇಲೆ ಸ್ವಲ್ಪ ಹೊತ್ತು ಮೌನ. ಆಮೇಲೆ 'ಟಪ್' ಎಂದು ಒಂದು ಸದ್ದು. ಹತ್ತು ಜನರಲ್ಲಿ ಒಂಬತ್ತು ಜನ ಅಷ್ಟರೊಳಗೆ ಮುಂದಿನ ಹಾಡಿಗೆ ಹೋಗಿರುತ್ತಾರೆ. ಇವನು ಕೇಳಿದ್ದಾನೆ!

"ಬಾಗಿಲು ಮುಚ್ಚಿದ ಶಬ್ದ. ಯಾರೂ ತಡೀಲಿಲ್ಲ, ಅವನು ಹೋಗ್ಬಿಟ್ಟ."

"ಡ್ರಮ್ಸ್ ಬಾರಿಸೋನ ಕೈಯಿಂದ ಕೋಲು ಬಿದ್ದಿದ್ದು. ಅಷ್ಟೇ."

"ರಾಮ ರಾಮಾ! ನಿಮ್ಮಂಥೋರನ್ನ ನಮ್ಮ ಶನಿವಾರಕ್ಕೆ ಕರ್ಕೊಂಡು ಹೋಗಿ ಕೂರಿಸ್ಬೇಕು!"

"ಕರ್ಕೊಂಡು ಹೋಗಿ," ಅಂದ ಅವನು. ತಮಾಷೆಗೆ ಅಂದನೋ ನಿಜಕ್ಕೆ ಅಂದನೋ, ಅವಳ ಕಿವಿ ಮಾತ್ರ ಬಿಸಿಯಾಯಿತು.

* * *

'ನಮ್ಮ ಶನಿವಾರ' ಎಂದರೆ ಒಂದು ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಪ್ರತಿ ಶನಿವಾರ ಸಂಜೆ ಸೇರುವ, ಆ ಹಾಡಿನ ಅಭಿಮಾನಿಗಳ ಗುಂಪು. ಹೋಟೆಲುಗಳಿಗೆ ಹೋಗಬೇಕಾದ ಬಿಳಿ ಹಾಸಿಗೆ ಬಟ್ಟೆಗಳ ರಾಶಿ ಆ ಕೋಣೆಯಲ್ಲಿ ಸೂರಿನವರೆಗೆ. ಹಾಗಾಗಿ ಲಾಂಡ್ರಿಯ ಒಡತಿ 'ಲಾಂಡ್ರಿ ಅತ್ತೆ'ಯದು ಒಂದೇ ಕಟ್ಟಪ್ಪಣೆ: ಶೂ ಹೊಸ್ತಿಲಾಚೆ! ಒಂದು ಕಲೆ ಬಿದ್ದರೂ ನಿಮ್ಮ ಕೈಯಲ್ಲೇ ಒಗೆಸುತ್ತೇನೆ ಅನ್ನುತ್ತಿದ್ದಳು. ಮಾಡಿಸಿಯೂ ಇದ್ದಳು.

ಆ ಗುಂಪಿನಲ್ಲಿ ಯಾರಿಗೂ ಹೆಸರಿಲ್ಲ, ಕಸುಬೇ ಹೆಸರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಅವಳು 'ಕನ್ನಡಕ'. ಬಂದ ಮೊದಲ ದಿನವೇ ಅವನು 'ಲಿಫ್ಟ್' ಆದ.

ಆ ಹಾಡು ಮಾಡಿದ ಬ್ಯಾಂಡ್ ಒಂದೇ ಆಲ್ಬಮ್ ಮಾಡಿ ಒಡೆದುಹೋಗಿತ್ತು. ಹಾಡಿದವನು ಎಲ್ಲೂ ಬಾಯಿ ಬಿಟ್ಟಿಲ್ಲ. ಡ್ರಮ್ಸಿನವನು ಒಮ್ಮೆ ರೇಡಿಯೋದಲ್ಲಿ, "ಬರೆದ ದಿನ ಅವನು ನಿಜವಾಗ್ಲೂ ಒಂದು ಬಾಗಿಲಲ್ಲಿ ನಿಂತಿದ್ದ. ಯಾರ ಬಾಗಿಲು ಅಂತ ಮಾತ್ರ ಕೇಳ್ಬೇಡಿ," ಅಂದಿದ್ದನಂತೆ. ಅಷ್ಟು ಸಾಕಾಗಿತ್ತು ಇವರಿಗೆ!

"ಅದು ಕೆಲಸ ಕಳ್ಕೊಂಡ ಕಾರ್ಮಿಕನ ಹಾಡು. ಕಾರ್ಖಾನೆ ಬಾಗಿಲದು," ಎನ್ನುತ್ತಿದ್ದರು ಇತಿಹಾಸ ಕಲಿಸುವ ಮೇಷ್ಟ್ರು.

"ಅಲ್ಲ, ಮೇಷ್ಟ್ರೇ. ಆಸ್ಪತ್ರೆ ಬಾಗಿಲು. ದೀಪ ಆರಿಸ್ಬೇಡ ಅಂದ್ರೆ ಇನ್ನೂ ಉಸಿರಿದೆ ಅಂತ," ಎನ್ನುತ್ತಿದ್ದಳು ನರ್ಸಕ್ಕ.

"ಬಾಡಿಗೆ ಕೊಡದೆ ಮನೆ ಖಾಲಿ ಮಾಡ್ತಿರೋನು ಕಣ್ರೋ," ಎನ್ನುತ್ತಿದ್ದಳು ಲಾಂಡ್ರಿ ಅತ್ತೆ. "ಅಂಥೋರನ್ನ ನಾನು ಬೇಕಾದಷ್ಟು ನೋಡಿದೀನಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಜಗಳ ಮಿತಿಮೀರಿದಾಗ ಮೇಷ್ಟ್ರು ಒಂದು ಪದ್ಧತಿ ತಂದಿದ್ದರು. ಡಬ್ಬಿಯಿಂದ ಚೀಟಿ ಎತ್ತಬೇಕು. ಅದರಲ್ಲಿ ಯಾವ ಅರ್ಥ ಬಂತೋ ಅದನ್ನೇ ವಾದಿಸಬೇಕು, ನಂಬಿಕೆ ಇರಲಿ ಬಿಡಲಿ. ಇನ್ನೊಬ್ಬರ ಬಾಯಲ್ಲಿ ತನ್ನ ಮಾತು ಕೇಳಿದಾಗಲೇ ಬುದ್ಧಿ ಬರುವುದು ಎಂಬುದು ಮೇಷ್ಟ್ರ ಲೆಕ್ಕ. ತಿಂಗಳ ಕೊನೆಯ ಶನಿವಾರ ಮಾತ್ರ ಚೀಟಿ ಇಲ್ಲ. ಅಂದು 'ನಿಜದ ಶನಿವಾರ'. ಎದೆಯಲ್ಲಿದ್ದದ್ದನ್ನೇ ಹೇಳಬೇಕು, ಸುಳ್ಳು ಕೂಡದು.

ಈ ಪದ್ಧತಿಯೇ ಮುಂದೆ ಅವಳ ಬಾಳಿಗೆ ಕುತ್ತು ತರುವುದರಲ್ಲಿತ್ತು!

* * *

ಲಿಫ್ಟ್ ತಪ್ಪದೆ ಬಂದ. ಹೋಗುವಾಗ ಅವಳ ಜೊತೆ ಬಸ್ ನಿಲ್ದಾಣದವರೆಗೆ ನಡೆದ. ಆಮೇಲೆ ಬಸ್ ಬಂದರೂ ಇಬ್ಬರಿಗೂ ಕಾಣದಾಯಿತು.

ಒಂದು ಮಧ್ಯಾಹ್ನ ಅಂಗಡಿಗೇ ಬಂದ.

"ಕಣ್ಣು ಮಂಜಾಗ್ತಿದೆ. ಸ್ವಲ್ಪ ನೋಡಿ."

ಅವಳು ಅಳತೆಪಟ್ಟಿ ಹಿಡಿದು ಅವನ ಎದುರು ಕುಳಿತಳು. ಎರಡು ಕಣ್ಣುಗುಡ್ಡೆಗಳ ನಡುವಿನ ಅಂತರ ಅಳೆಯಬೇಕು. ಅದಕ್ಕೆ ಅವನ ಕಣ್ಣನ್ನೇ ನೋಡಬೇಕು, ಬೇರೆ ದಾರಿಯೇ ಇಲ್ಲ.

"ಅಲುಗಾಡ್ಬೇಡಿ."

"ನಾನಲ್ಲ. ನಿಮ್ಮ ಕೈ ಅಲುಗಾಡ್ತಿರೋದು."

ಥೂ, ಈ ಕೈಗೇನಾಗಿದೆ ಇವತ್ತು! ದಿನಾ ಎಷ್ಟು ಜನರ ಕಣ್ಣು ಅಳೆಯುತ್ತೇನೆ...

"ನಿಮ್ಮ ಕಣ್ಣು ಸರಿಯಾಗೇ ಇದೆಯಲ್ರೀ!"

"ಗೊತ್ತು," ಅಂದ ಅವನು.

ಅಷ್ಟೇ. ಎದ್ದು ಹೋದ. ಆದರೆ ಅವಳಿಗೆ ಆಮೇಲೆ ಒಂದು ಗಾಜೂ ಸರಿಯಾಗಿ ಉಜ್ಜಲಾಗಲಿಲ್ಲ. ಯಂತ್ರದ ಮುಂದೆ ಕುಳಿತರೆ ನಿಲ್ಲಬೇಕು ಅನಿಸುತ್ತಿತ್ತು, ನಿಂತರೆ ಕೂರಬೇಕು ಅನಿಸುತ್ತಿತ್ತು. ಪ್ರೀತಿ ಅಂದರೆ ನೆಮ್ಮದಿ ಎಂದು ಯಾರು ಹೇಳಿದರೋ, ಅವರನ್ನೊಮ್ಮೆ ನೋಡಬೇಕು!

ಅದೇ ವಾರ ಅಂಗಡಿಯ ಯಜಮಾನರು ಕರೆದರು. "ಬೇರೆ ಊರಲ್ಲಿ ಹೊಸ ಅಂಗಡಿ ತೆಗೀತಿದ್ದೀನಿ ಕಣಮ್ಮಾ. ಪೂರ್ತಿ ನಿನ್ನ ಕೈಗೇ ಕೊಡ್ತೀನಿ. ಸೋಮವಾರ ಹೇಳು, ಬರ್ತೀಯೋ ಇಲ್ವೋ."

ಅವಳು ವರ್ಷಗಳಿಂದ ಕಂಡ ಕನಸು. ಆದರೂ ಬಾಯಿಂದ 'ಹೂಂ' ಹೊರಡಲಿಲ್ಲ. ಅವನ ಮನಸ್ಸಿನಲ್ಲಿ ನಾನಿದ್ದೇನೆಯೇ? ಅಷ್ಟು ಗೊತ್ತಾದರೆ ಸಾಕಿತ್ತು.

ಬಸ್ ನಿಲ್ದಾಣದಲ್ಲಿ ಅಂದಳು, "ಈ ನಿಜದ ಶನಿವಾರ ನಾನೊಂದು ಹೇಳೋದಿದೆ."

ಅವನು ಅವಳನ್ನೇ ನೋಡಿದ. "ನಂಗೂ ಇದೆ. ತಪ್ಪಿಸ್ಬೇಡಿ."

* * *

ಆ ಶನಿವಾರ! ಹೊರಡುವ ಹೊತ್ತಿಗೆ ಸರಿಯಾಗಿ ಒಂದು ಗಾಜು ಯಂತ್ರದಲ್ಲಿ ಚಟ್ ಎಂದು ಬಿರುಕು ಬಿಟ್ಟಿತು. ಗಿರಾಕಿ ಎದುರೇ ಕುಳಿತಿದ್ದ, ಕನ್ನಡಕವಿಲ್ಲದೆ ಮನೆಗೆ ಹೋಗಲಾರ. ಬೇರೆ ಗಾಜು ತೆಗೆದು, ಉಜ್ಜಿ, ಕೂರಿಸಿ ಕೊಡುವಷ್ಟರಲ್ಲಿ ಹೊತ್ತು ಮೀರಿತು. ಚೀಲದಲ್ಲಿ ಫೋನ್ ಎರಡು ಸಲ ಗುಂಯ್‌ಗುಟ್ಟಿತು. ನೋಡಲು ಪುರಸೊತ್ತೆಲ್ಲಿ?

ಓಡೋಡಿ ಬಂದಳು. ಇಸ್ತ್ರಿ ಹಬೆಯ ನಡುವೆ ಮೆಟ್ಟಿಲು ಹತ್ತಿದಳು. ಹೊಸ್ತಿಲಲ್ಲಿ ಬಗ್ಗಿ ಲೇಸ್ ಬಿಚ್ಚತೊಡಗಿದಳು. ಒಳಗಿನಿಂದ ಅವನ ದನಿ ಕೇಳಿಸಿತು. ಅವಳ ಮುಖ ಅರಳಿತು.

"...ಪ್ರೀತಿಯಂತೆ ಪ್ರೀತಿ! ಅಭ್ಯಾಸ ರೀ ಅದು. ದಿನಾ ಒಟ್ಟಿಗೆ ನಡೆದ್ರು, ಒಟ್ಟಿಗೆ ಮಾತಾಡಿದ್ರು, ರೂಢಿ ಆಯ್ತು. ಅದಕ್ಕೆ ಪ್ರೀತಿ ಅಂತ ಹೆಸರಿಟ್ಕೊಂಡ್ರೆ ಯಾರ ತಪ್ಪು? ಹೋಗೋರು ಹೋಗ್ಲಿ. ಒಳಗಿರೋರಿಗೆ ನೋವೇನೂ ಆಗಲ್ಲ. ಎರಡು ದಿನ ಪಕ್ಕ ಖಾಲಿ ಅನ್ಸುತ್ತೆ, ಅಷ್ಟೇ!"

ಚಪ್ಪಾಳೆ ಬಿತ್ತು.

ಅವಳ ಬೆರಳು ಲೇಸಿನ ಮೇಲೆ ಹಾಗೇ ನಿಂತವು.

ಇವತ್ತು ನಿಜದ ಶನಿವಾರ... ಸುಳ್ಳು ಕೂಡದ ದಿನ... 'ನಂಗೂ ಹೇಳೋದಿದೆ' ಅಂದದ್ದು ಇದನ್ನೇನಾ? ಎಲ್ಲರೆದುರು?

ಬಿಚ್ಚಿದ ಲೇಸನ್ನು ಬಿಗಿಯಾಗಿ ಮತ್ತೆ ಕಟ್ಟಿದಳು. ಸದ್ದಾಗದಂತೆ ಮೆಟ್ಟಿಲಿಳಿದಳು. ಬೀದಿಯಲ್ಲಿ ಫೋನ್ ತೆಗೆದು, ಒಂದು ಸಂದೇಶವನ್ನೂ ಓದದೆ, ಶನಿವಾರದವರ ವಾಟ್ಸಾಪ್ ಗುಂಪಿನಿಂದ ಹೊರಬಂದಳು. ಅವನ ನಂಬರನ್ನೂ ಬ್ಲಾಕ್ ಮಾಡಿದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂಬುದು ಆ ಹೊತ್ತಿಗೆ ಯಾರಿಗೆ ನೆನಪಿರುತ್ತದೆ!

ಸೋಮವಾರದವರೆಗೂ ಕಾಯಲಿಲ್ಲ. ಅಂದೇ ಯಜಮಾನರಿಗೆ ಫೋನ್ ಮಾಡಿ, "ಬರ್ತೀನಿ ಸಾರ್. ಮುಂದಿನ ಭಾನುವಾರವೇ ಹೊರಡ್ತೀನಿ," ಅಂದುಬಿಟ್ಟಳು.

* * *

ಅವನು ಮಂಗಳವಾರ ಅಂಗಡಿಗೆ ಬಂದ. ಮುಖ ಬಾಡಿತ್ತು.

"ಫೋನ್ ಹೋಗ್ತಿಲ್ಲ. ಶನಿವಾರ ಯಾಕೆ ಬರ್ಲಿಲ್ಲ?"

ಅವಳು ಯಂತ್ರ ನಿಲ್ಲಿಸಲಿಲ್ಲ. "ಕೆಲಸ ಇತ್ತು."

"ಊರು ಬಿಡ್ತೀರಂತೆ. ಹೊರಗೆ ನಿಮ್ಮ ಯಜಮಾನ್ರು ಹೇಳಿದ್ರು. ನಂಗೆ ಒಂದು ಮಾತೂ ಹೇಳ್ಲಿಲ್ವಲ್ಲ..."

"ಎರಡು ದಿನ ಪಕ್ಕ ಖಾಲಿ ಅನ್ಸುತ್ತೆ. ಆಮೇಲೆ ರೂಢಿ ಆಗುತ್ತೆ ಬಿಡಿ."

ತನ್ನ ಮಾತೇ ತನಗೆ ತಿರುಗಿ ಬಂದದ್ದು ಅವನಿಗೆ ಹೊಳೆಯಲಿಲ್ಲ. ಚೀಟಿಯ ಮಾತನ್ನು ಯಾರು ಮನೆಗೆ ಹೊತ್ತುಕೊಂಡು ಹೋಗುತ್ತಾರೆ? ಅವನಿಗೆ ಕಂಡದ್ದು ಅವಳ ಬೆನ್ನು ಮಾತ್ರ. ಅವನಿಗೂ ಮಾನ ಅನ್ನುವುದೊಂದು ಇತ್ತಲ್ಲ, ಹೋದ.

ತಿರುಗಿ ನೋಡಬಾರದು... ನೋಡಬಾರದು...

ನೋಡಿದಳು. ಬಾಗಿಲು ಖಾಲಿ ಇತ್ತು.

ಮನೆಯಲ್ಲಿ ಪೆಟ್ಟಿಗೆಗೆ ಬಟ್ಟೆ ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು. ಅಮ್ಮ ನೋಡಿ ನೋಡಿ ಸಾಕಾಗಿ ಕೇಳಿದಳು.

"ಅಲ್ವೇ, ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀಯಲ್ಲ! ಇಷ್ಟಪಟ್ಟು ಹೋಗೋಳ ಮುಖ ಹೀಗಿರುತ್ತಾ?"

ಅವಳು ಅಮ್ಮನ ಮಡಿಲಿಗೆ ಬಿದ್ದು ಎಲ್ಲಾ ಹೇಳಿಕೊಂಡು ಅತ್ತಳು.

"ಅವನು ನಿನಗೇ ಹೇಳಿದ್ನಾ ಹಾಗೆ?"

"ಇಲ್ಲಮ್ಮಾ. ಆದ್ರೆ ನಾನು ಕಿವಿಯಾರೆ ಕೇಳ್ದೆ!"

"ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಬರೀ ಬಾಗಿಲಾಚೆ ನಿಂತು ಕೇಳಿದೀಯ. ಒಂದ್ಸಲ ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಕೇಳಬಹುದಿತ್ತು. ಆದರೆ ಅವನು 'ಹೌದು, ಅಭ್ಯಾಸ ಅಷ್ಟೇ' ಅಂದುಬಿಟ್ಟರೆ? ಆ ಭಯ ಯಾರಿಗೆ ಹೇಳುವುದು...

* * *

ಮತ್ತೆ ಶನಿವಾರ ಬಂತು. ಅಂಗಡಿಯಲ್ಲಿ ಅವಳ ಕೊನೆಯ ದಿನ. ಸಂಜೆ ನರ್ಸಕ್ಕ ತನ್ನ ಕನ್ನಡಕ ತೆಗೆದುಕೊಳ್ಳಲು ಬಂದವಳೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನೇ ಕನ್ನಡಕ, ಗುಂಪು ಬಿಟ್ಟೆ, ಈಗ ಊರೂ ಬಿಡ್ತೀಯ? ಹೇಳದೆ ಕೇಳದೆ!"

"ಕೇಳಿದ್ದೇ ಸಾಕಾಯ್ತು, ಅಕ್ಕ."

"ಏನು ಕೇಳ್ದೆ?"

"ಹೋದ ವಾರ ಬಂದಿದ್ದೆ. ಬಾಗಿಲಲ್ಲೇ ಕೇಳಿಸ್ತು. ಪ್ರೀತಿ ಅಲ್ಲ, ಅಭ್ಯಾಸ ಅಂತ. ನಿಜದ ಶನಿವಾರ ಅಲ್ವಾ, ನಿಜ ಹೇಳಿದ್ರು."

ನರ್ಸಕ್ಕ ತಲೆ ಚಚ್ಚಿಕೊಂಡಳು.

"ಅಯ್ಯೋ ನಿನ್ನ! ಹೋದ ವಾರ ಚೀಟಿ ಕಣೇ!"

"...ಏನು?"

"ನೀನು ಬಂದಿರ್ಲಿಲ್ಲ. ಲಿಫ್ಟ್ ಮೇಷ್ಟ್ರ ಕೈ ಹಿಡ್ಕೊಂಡು ಬೇಡ್ಕೊಂಡ. 'ಅವ್ರಿಲ್ದೆ ನಾನು ನಿಜ ಹೇಳಲ್ಲ, ನಿಜದ ಶನಿವಾರ ಮುಂದಿನ ವಾರ ಇಟ್ಕೊಳ್ಳಿ' ಅಂತ. ನಿನಗೋಸ್ಕರ ಚೀಟಿ ಎತ್ತಿದ್ವಿ. ಅವನಿಗೆ ಬಂದಿದ್ದು ಅಂಥ ಹಾಳು ಚೀಟಿ. ಗುಂಪಲ್ಲಿ ನಾನೇ ಹಾಕಿದ್ನಲ್ಲ ಸಂದೇಶ, 'ಇವತ್ತು ಚೀಟಿ, ನಿಜ ಮುಂದಿನ ವಾರ' ಅಂತ! ಓದ್ಲಿಲ್ವಾ?"

ಚೀಲದಲ್ಲಿ ಎರಡು ಸಲ ಗುಂಯ್‌ಗುಟ್ಟಿದ ಫೋನ್ ಅವಳಿಗೆ ಈಗ ನೆನಪಾಯಿತು.

ನನಗೋಸ್ಕರ... ನಾನು ಬರಲೆಂದು... ಮತ್ತೆ ನಾನು ಅವನ ಮುಖಕ್ಕೆ ಏನಂದೆ!

"ಅಕ್ಕ... ಇವತ್ತು?"

"ಇವತ್ತು ನಿಜ. ನಾನೂ ಅಲ್ಲಿಗೇ ಹೊರಟಿದ್ದು. ಆದ್ರೆ ಅವನು ಕೂರೋ ಥರ ಕಾಣ್ಲಿಲ್ಲಪ್ಪ, ಮಧ್ಯಾಹ್ನ ಸಿಕ್ಕಿದ್ದ. 'ಹೇಳಿ ಏನುಪಯೋಗ, ಕೇಳೋರು ಹೊರಟ್ರಲ್ಲ' ಅಂದ..."

ನರ್ಸಕ್ಕನ ಮಾತು ಮುಗಿಯುವ ಮೊದಲೇ ಅವಳು ಬೀದಿಯಲ್ಲಿದ್ದಳು. ಕೈಯಲ್ಲಿ ಇನ್ನೂ ಗಾಜು ಒರೆಸುವ ಬಟ್ಟೆ! ದಾರಿಯ ಸಿಗ್ನಲ್ಲುಗಳೆಲ್ಲ ಇವಳಿಗೆಂದೇ ಕೆಂಪಾದವು. ಒಂದು ಶೂವಿನ ಲೇಸ್ ಬಿಚ್ಚಿ ಕಾಲಿಗೆ ಹೊಡೆಯುತ್ತಿತ್ತು. ಕಟ್ಟಲು ನಿಲ್ಲಲಿಲ್ಲ.

ಹೋಗಿರಬೇಡ... ದಯವಿಟ್ಟು ಹೋಗಿರಬೇಡ...

ಲಾಂಡ್ರಿಯ ಮೆಟ್ಟಿಲು ಹತ್ತಿ ಮೇಲೆ ಬಂದರೆ, ಅವನು ಹೊಸ್ತಿಲಲ್ಲಿ ಕುಳಿತಿದ್ದ. ಒಂದು ಶೂ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಒಳಗೆ ಮೇಷ್ಟ್ರು, "ಕೂತ್ಕೋಪ್ಪಾ, ಹೀಗೆ ಎದ್ದು ಹೋದ್ರೆ ಹೇಗೆ," ಅನ್ನುತ್ತಿದ್ದರು. ಹೊರಟೇಬಿಟ್ಟಿದ್ದ!

ಉಸಿರು ಸಾಲದೆ ಅವಳು ಗೋಡೆ ಹಿಡಿದುಕೊಂಡಳು. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ಒಂದೇ.

"ನಾನಿನ್ನೂ ಹೊರಟಿಲ್ಲ!"

ಅವನು ತಲೆಯೆತ್ತಿದ. ಕೈಯಲ್ಲಿದ್ದ ಶೂ ಜಾರಿತು.

ಟಪ್!

ಒಳಗಿದ್ದವರ ತಲೆಯೆಲ್ಲ ಬಾಗಿಲ ಕಡೆ ತಿರುಗಿತು.

"ಅದೇ ಶಬ್ದ..." ಅಂದರು ಮೇಷ್ಟ್ರು ಮೆಲ್ಲಗೆ. "ಬಾಗಿಲೂ ಅಲ್ಲ, ಕೋಲೂ ಅಲ್ಲ..."

"ಸುಮ್ನಿರಿ ಮೇಷ್ಟ್ರೇ!" ಎಂದು ಗದರಿದಳು ಲಾಂಡ್ರಿ ಅತ್ತೆ. ಅವಳ ಕಣ್ಣು ಆಗಲೇ ಒದ್ದೆಯಾಗಿತ್ತು.

"ಹೋದ ವಾರ ಇಲ್ಲೇ ನಿಂತಿದ್ದೆ," ಅಂದಳು ಅವಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು. "ನಿನ್ನ ಮಾತು ಕೇಳಿಸ್ತು. ನಿಜ ಅಂದ್ಕೊಂಡೆ. ಚೀಟಿ ಅಂತ ಗೊತ್ತಿರ್ಲಿಲ್ಲ."

ಅವನು ಕಣ್ಣು ಮುಚ್ಚಿದ. ಎಲ್ಲಾ ಈಗ ಅರ್ಥವಾಯಿತು, 'ರೂಢಿ ಆಗುತ್ತೆ ಬಿಡಿ' ಅಂದದ್ದೂ.

"ಒಂದ್ಸಲ ಒಳಗೆ ಬರ್ಬಾರ್ದಿತ್ತಾ? ನನ್ನ ಕೆನ್ನೆಗೆ ಹೊಡೆದು ಕೇಳ್ಬಾರ್ದಿತ್ತಾ?"

"ಹೆದರಿಕೆ ಆಯ್ತು! ನೀನು ಹೌದು ಅಂದ್ಬಿಟ್ರೆ... ಆ ಹಾಡಲ್ಲಿರೋನು ಹೇಡಿ ಅಂದಿದ್ಯಲ್ಲ ಅವತ್ತು? ನಾನೇ ಅವನು. ಯಾರಾದ್ರೂ ಹೋಗ್ಬೇಡ ಅನ್ಲಿ ಅಂತ ಬಾಗಿಲಲ್ಲೇ ನಿಂತ್ಕೊಳ್ಳೋಳು. ಇವತ್ತು ನಿಜದ ಶನಿವಾರ ಅಲ್ವಾ, ನನ್ನ ನಿಜ ಹೇಳ್ತೀನಿ. ನೀನಂದ್ರೆ ನಂಗೆ ಪ್ರಾಣ. ಅಭ್ಯಾಸ ಅಲ್ಲ. ಅಭ್ಯಾಸ ಆಗಿದ್ರೆ ಈ ವಾರ ಇಷ್ಟು ಉರೀತಿರ್ಲಿಲ್ಲ!"

ಅವನು ಒಂದು ಶೂ ಹಾಕಿಕೊಂಡೇ ಎದ್ದು ಹತ್ತಿರ ಬಂದ. ಕೈಯಲ್ಲಿ ಇಂದೂ ಗ್ರೀಸ್ ವಾಸನೆ.

"ನಂದೂ ಹೇಳ್ತೀನಿ ಕೇಳು. ಆ ಹಾಡಿನ ಅರ್ಥ ಏನಾದ್ರೂ ಆಗ್ಲಿ, ನಂಗೆ ಅದು ನೀನು. ಲಿಫ್ಟೊಳಗಿಂದ ನನ್ನನ್ನ ಬೈದ ದಿನದಿಂದ. ಕಣ್ಣು ಮಂಜಾಗಿದೆ ಅಂತ ಸುಳ್ಳು ಹೇಳ್ಕೊಂಡು ಬಂದೋನಿಗೆ ನಿಜ ಹೇಳೋಕೆ ಇಷ್ಟು ದಿನ ಬೇಕಾಯ್ತು. ನಾನೇನು ಕಮ್ಮಿ ಹೇಡಿನಾ?"

ಅವಳು ಅಳುವಿನಲ್ಲೇ ನಕ್ಕಳು. ಆಮೇಲೆ ನಗು ನಿಂತಿತು.

"ಆದ್ರೆ... ಯಜಮಾನ್ರಿಗೆ ಮಾತು ಕೊಟ್ಟಾಗಿದೆ. ನಾಳೆ ಹೊರಡ್ಬೇಕು."

"ಹೊರಡು. ನಿನ್ನ ಅಂಗಡಿ ಅದು, ನಾನ್ಯಾಕೆ ತಡೀಲಿ? ಲಿಫ್ಟ್ ಕೆಡದೇ ಇರೋ ಊರು ಯಾವುದಿದೆ ಹೇಳು. ವರ್ಗ ಕೇಳ್ತೀನಿ, ಕೊಡದಿದ್ರೆ ಬೇರೆ ಕಂಪನಿ ನೋಡ್ತೀನಿ. ನನ್ನ ಬಿಟ್ಟು ಹೋಗ್ಬೇಡ, ಅಷ್ಟೇ."

ಹೋಗ್ಬೇಡ... ಈ ಒಂದು ಮಾತಿಗಾಗಿ ಎಷ್ಟು ಚಡಪಡಿಸಿದ್ದಳು! ಅವಳು ಒಳಗೆ ಹೆಜ್ಜೆಯಿಡಲು ಹೋದಳು.

"ಏಯ್, ಶೂ!" ಎಂದು ಅತ್ತೆ ಕೂಗಿದಳು. ಪ್ರೀತಿಯೇ ಇರಲಿ, ಪ್ರಳಯವೇ ಆಗಲಿ, ಹೋಟೆಲಿನ ಬಿಳಿ ಬಟ್ಟೆ ಬಿಳಿ ಬಟ್ಟೆಯೇ!

ಅವನು ನಗುತ್ತಾ ಹೊಸ್ತಿಲಲ್ಲಿ ಮಂಡಿಯೂರಿದ. ಬೀದಿಯ ಧೂಳು ಹತ್ತಿದ ಅವಳ ಲೇಸನ್ನು ಬೆರಳಲ್ಲಿ ಹಿಡಿದುಕೊಂಡು ತಲೆಯೆತ್ತಿದ.

"ಲೇಸ್ ಕಟ್ಲಾ, ಶೂ ಬಿಚ್ಲಾ?"

"ಅದನ್ನೂ ಕೇಳ್ಬೇಕಾ?"

"ಕೇಳ್ಬೇಕು. ಇನ್ಮೇಲೆ ನಾವಿಬ್ರೂ ಎಲ್ಲಾ ಕೇಳೇ ಮಾಡೋದು."

ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಈ ಸಲ ಕೈ ಅಲುಗಾಡಲಿಲ್ಲ.

"ಬಿಚ್ಚು," ಅಂದಳು.